ಬೆಳಗಿನ ಬಸ್ಸು ಹತ್ತದ ಮಾಮಿ

ಮೊನ್ನೆ ಇಸಿಜಿ ತೆಗೆಯಲೆಂದು ಒಬ್ಬ ಹೆಂಗಸನ್ನು ಮಲಗಿಸಿದರೆ ಎದೆಯ ಮೇಲೆ ತಂತಿ ಸಿಕ್ಕಿಸುವ ಒಂದು ಬಟ್ಟಲೂ ನಿಲ್ಲಲಿಲ್ಲ. ರಬ್ಬರಿನ ಗುಂಡು ಒತ್ತಿ ಒಂದನ್ನು ಕೂರಿಸುವಷ್ಟರಲ್ಲಿ ಇನ್ನೊಂದು ಜಾರಿ ಬೀಳುತ್ತಿತ್ತು. ನೋಡಿದರೆ ಮೈಯೆಲ್ಲ ಎಣ್ಣೆ! ಎಡಭುಜ, ಕುತ್ತಿಗೆ, ಬೆನ್ನು, ಎದೆಯ ಅರ್ಧ ಭಾಗ... ಯಾರೋ ಮನಸ್ಸಿಟ್ಟು ತಿಕ್ಕಿದ್ದರು.

“ಎಂಥ ಎಣ್ಣೆ ಇದು? ಆಸ್ಪತ್ರೆಗೆ ಬರುವಾಗ ಹೀಗೆ ಮಿಂದು ಬರುವುದಾ?” ಎಂದು ಗದರಿದೆ. ನನ್ನ ಬಾಯಿ ಜೋರೆಂದು ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು.

“ಭುಜ ಉಳುಕಿದ್ದು ಸಿಸ್ಟರ್” ಎಂದರು ಅವರು ಮೆಲ್ಲಗೆ.

ಹತ್ತಿಗೆ ಸ್ಪಿರಿಟ್ ಹಾಕಿ ಒರೆಸತೊಡಗಿದೆ. ಆಗ ಬಂತು ವಾಸನೆ. ತೆಂಗಿನೆಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕೆಂಪಗೆ ಕಾಯಿಸಿ, ಒಲೆಯಿಂದ ಇಳಿಸಿದ ಮೇಲೆ ಕರ್ಪೂರ ಪುಡಿ ಮಾಡಿ ಬೆರೆಸಿದ ಎಣ್ಣೆ. ಸ್ಪಿರಿಟ್ಟಿನ ಘಾಟನ್ನೂ ಮೀರಿ ಅದು ಮೂಗಿಗೆ ಹತ್ತಿತು. ನನ್ನ ಕೈ ಅರೆಕ್ಷಣ ಅಲ್ಲೇ ನಿಂತುಬಿಟ್ಟಿತು.

ನಮ್ಮ ಆಚೆಮನೆಯ ಮಾಮಿಯ ಕೈಗೆ ಸದಾ ಈ ವಾಸನೆ ಇತ್ತು. ಅದರ ಜೊತೆ ಹೊಗೆಸೊಪ್ಪಿನದ್ದೂ ಸೇರುತ್ತಿತ್ತು, ಯಾಕೆಂದರೆ ಅವರು ಬೀಡಿ ಕಟ್ಟುತ್ತಿದ್ದರು. ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ, ಅದಕ್ಕೆ ತಾಗಿದ ಹಾಗೆ ಅವರದ್ದು. ಸಂಬಂಧಿಕರೇನೂ ಅಲ್ಲ. ಅಮ್ಮ ಅವರನ್ನು ಅತ್ತಿಗೆ ಎನ್ನುತ್ತಿದ್ದುದರಿಂದ ನನಗೆ ಮಾಮಿ, ಅಷ್ಟೆ. ಗಂಡ ತೀರಿಹೋಗಿ ತುಂಬ ವರ್ಷವಾಗಿತ್ತು, ಒಬ್ಬಳೇ ಮಗಳನ್ನು ಮೂಡುಬಿದಿರೆಗೆ ಮದುವೆ ಮಾಡಿ ಕೊಟ್ಟಿದ್ದರು. ಬೆಳಿಗ್ಗೆ ಕೆಲಸ ಮುಗಿಸಿ ನಮ್ಮ ಜಗಲಿಗೆ ಬಂದು ಅಮ್ಮನೊಟ್ಟಿಗೆ ಕೂತರೆ, ಮಡಿಲಲ್ಲಿ ಬೀಡಿಯ ಮೊರ, ಬಾಯಲ್ಲಿ ಊರಿನ ಸುದ್ದಿ. ಎರಡೂ ನಿಲ್ಲುತ್ತಿರಲಿಲ್ಲ.

ಮಾಮಿ ಕಾಲು ಮುಂದಾಗಿ ಹುಟ್ಟಿದವರು. ಹಾಗೆ ಹುಟ್ಟಿದವರು ಕಾಲು ಇಟ್ಟರೆ ಉಳುಕು ಹೋಗುತ್ತದೆಂದು ನಮ್ಮ ಕಡೆ ಎಲ್ಲರೂ ನಂಬಿದ್ದರು, ಈಗಲೂ ಕೆಲವರು ನಂಬುತ್ತಾರೆ. ಸೊಂಟ ಹಿಡಿದವರು, ಕುತ್ತಿಗೆ ತಿರುಗದವರು, ಮರದಿಂದ ಇಳಿಯುವಾಗ ಬೆನ್ನು ಸಿಕ್ಕಿಸಿಕೊಂಡವರು ಮಾಮಿಯ ಮನೆಗೆ ಬರುತ್ತಿದ್ದರು. ಬಂದವರು ಗೋಡೆ ಹಿಡಿದು ಬಗ್ಗಿ ನಿಲ್ಲಬೇಕು. ಮಾಮಿ ಮೊದಲು ಎಣ್ಣೆ ತಿಕ್ಕಿ, ಆಮೇಲೆ ಬಲಗಾಲಿನ ಹಿಮ್ಮಡಿಯನ್ನು ನೋವಿದ್ದಲ್ಲಿ ಇಟ್ಟು ಕೆಳಕ್ಕೆ ಎಳೆಯುತ್ತಿದ್ದರು. ಮುಗಿದ ಕೂಡಲೇ ತಾವೇ ಬಂದವರ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು, ಬಂದವರು ಎಷ್ಟೇ ಚಿಕ್ಕವರಿರಲಿ. ಇನ್ನೊಬ್ಬರ ಮೈಗೆ ಕಾಲು ತಾಗಿಸಿದ ತಪ್ಪು ಅಲ್ಲಿಗೆ ಕಳೆಯಿತು ಎಂದು ಲೆಕ್ಕ.

ನಾಲಿಗೆ ಮಾತ್ರ ಬಲು ಹರಿತ. “ನಿನ್ನದು ಉಳುಕಲ್ಲ, ಉದಾಸೀನ. ಮನೆಗೆ ಹೋಗಿ ಹೆಂಡತಿಗೆ ನೀರು ಸೇದಿ ಕೊಡು, ಸರಿಯಾಗ್ತದೆ” ಎಂದು ಒಬ್ಬನನ್ನು ಹಾಗೇ ವಾಪಸು ಕಳಿಸಿದ್ದು ನನಗೆ ನೆನಪುಂಟು. ಅವನು ನಗುತ್ತಲೇ ಹೋದ. ಮಾಮಿ ಬೈದರೆ ಯಾರಿಗೂ ಬೇಜಾರಾಗುತ್ತಿರಲಿಲ್ಲ.

ನಾನು ಪಿಯುಸಿ ಓದುತ್ತಿದ್ದ ವರ್ಷ ಅವರಿಗೇ ಭುಜ ನೋವು ಶುರುವಾಯಿತು.

ಎಡಭುಜ. ಒಮ್ಮೊಮ್ಮೆ ಅಲ್ಲಿಂದ ದವಡೆಗೆ ಹತ್ತುತ್ತಿತ್ತಂತೆ. ಹಲ್ಲುನೋವೆಂದು ಲವಂಗ ಕಚ್ಚಿಕೊಂಡು ಕೂರುತ್ತಿದ್ದರು. ಬಾವಿಯಿಂದ ನೀರು ಸೇದಿದರೆ, ಬೀಡಿಯ ಚೀಲ ಹಿಡಿದುಕೊಂಡು, ಎಲೆ ಹೊಗೆಸೊಪ್ಪು ಕೊಡುವ ಬ್ರಾಂಚಿನಿಂದ ಏರು ಹತ್ತಿ ಬಂದರೆ ನೋವು. ನಮ್ಮ ಜಗಲಿಯಲ್ಲಿ ಕಾಲು ಚಾಚಿ ಸ್ವಲ್ಪ ಹೊತ್ತು ಕೂತರೆ ಇಲ್ಲ. ಯಾರಿಗಾದರೂ ಸಂಶಯ ಬರಬೇಕಲ್ಲ? ಬರಲಿಲ್ಲ. ಬೀಡಿ ಕಟ್ಟುವ ಹೆಂಗಸರಲ್ಲಿ ಭುಜ ನೋಯದವರು ಯಾರಿದ್ದಾರೆ? ದಿನವಿಡೀ ಕತ್ತು ಬಗ್ಗಿಸಿ ಕೂರುವುದು, ಕೈಬೆರಳು ಬಿಟ್ಟರೆ ಬೇರೇನೂ ಅಲುಗಾಡುವುದಿಲ್ಲ. ಅಮ್ಮನಿಗೂ ನೋವಿತ್ತು, ಅಮ್ಮನ ಜೊತೆಯವರಿಗೆಲ್ಲ ಇತ್ತು. ಎಲ್ಲರಿಗೂ ಇದ್ದ ನೋವಿನ ನಡುವೆ ಮಾಮಿಯ ನೋವು ಅಡಗಿಕೊಂಡಿತು.

ಬರಬರುತ್ತಾ ಸುಮ್ಮನೆ ಕೂತಿರುವಾಗಲೂ ಬರತೊಡಗಿತು. ಒಂದು ಸಂಜೆ ಬೀಡಿ ಕಟ್ಟುತ್ತಿದ್ದವರು ಕೈ ನಿಲ್ಲಿಸಿ, ಸೆರಗಿನಿಂದ ಹಣೆ ಒರೆಸಿಕೊಂಡರು. ಮುಖವಿಡೀ ಬೆವರು. ಅಮ್ಮನಿಗೆ ಹೆದರಿಕೆಯಾಯಿತು.

“ಅತ್ತಿಗೆ, ಒಮ್ಮೆ ಡಾಕ್ಟರಿಗೆ ತೋರಿಸುವ.”

“ಉಳುಕಿಗೆ ಡಾಕ್ಟರು ಎಂಥ ಮಾಡ್ತಾನೆ? ಅವನು ಕಾಲು ಮುಂದಾಗಿ ಹುಟ್ಟಿದ್ದಾನಾ ಕೇಳಿ ಬಾ, ಆಮೇಲೆ ಹೋಗುವ” ಎಂದರು ಮಾಮಿ. ನಾವೆಲ್ಲ ನಕ್ಕೆವು. ಅವರೂ ನಕ್ಕರು, ಆದರೆ ಕೈ ಭುಜದ ಮೇಲೆಯೇ ಇತ್ತು.

ಅವರಿಗೆ ಅವಸರವಿತ್ತು. ಮಗಳು ತುಂಬಿದ ಬಸುರಿ, ಮೊದಲ ಹೆರಿಗೆ. ಕರೆದುಕೊಂಡು ಬಂದು ಬಾಣಂತನ ಮಾಡಬೇಕು. “ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸಲಿಕ್ಕೆ ನನಗೆ ಎರಡು ಕೈಯೂ ಬೇಕು ಮಾರಾಯ್ತಿ” ಎಂದು ಅಮ್ಮನಿಗೆ ಹೇಳುವಾಗ ಸ್ವರ ಸಣ್ಣಗಾಗುತ್ತಿತ್ತು. ಸಾವಿನ ಭಯ ಅವರಿಗಿರಲಿಲ್ಲ. ಕೈ ಕೆಲಸಕ್ಕೆ ಬಾರದೆ ಹೋದರೆ ಮಗಳ ಅತ್ತೆಮನೆಯವರು ಬಾಣಂತಿಯನ್ನು ಕಳಿಸಲಿಕ್ಕಿಲ್ಲ ಎಂಬುದೇ ಚಿಂತೆ.

ಊರಿಗೆಲ್ಲ ಕಾಲು ಇಟ್ಟವರಿಗೆ ಕಾಲು ಇಡುವವರು ಯಾರು? ಅವರ ಬೆನ್ನಿಗೆ ಅವರ ಕಾಲು ಎಟುಕುವುದಿಲ್ಲವಲ್ಲ. ಹಾಗೆ ಹುಟ್ಟಿದವರು ಸುತ್ತಮುತ್ತ ಇನ್ನೊಬ್ಬರೇ ಇದ್ದದ್ದು, ಬೆಳ್ತಂಗಡಿಯಿಂದ ಬಂಟ್ವಾಳದ ಕಡೆ ಓಡುವ ಬೆಳಗಿನ ಬಸ್ಸಿನ ಕಂಡಕ್ಟರ್. ನಾನು ಕಾಲೇಜಿಗೆ ಹೋಗುತ್ತಿದ್ದ ಬಸ್ಸೇ ಅದು. ಪುಂಜಾಲಕಟ್ಟೆಯಲ್ಲಿ ಚಾ ಕುಡಿಯಲು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಆ ಹೊತ್ತಿನಲ್ಲಿ ಅವರು ಹೋಟೆಲಿನ ಹಿಂದೆ ಒಬ್ಬರಿಬ್ಬರ ಉಳುಕು ತೆಗೆಯುವುದನ್ನು ನಾನೇ ನೋಡಿದ್ದೆ.

ಅಮ್ಮ ಪಟ್ಟು ಬಿಡಲಿಲ್ಲ. ಕೊನೆಗೆ ಇಬ್ಬರ ನಡುವೆ ಒಂದು ಒಪ್ಪಂದವಾಯಿತು.

“ನಾಳೆ ಕಂಡಕ್ಟರ್ ಕಾಲು ಇಡಲಿ. ಕಡಿಮೆ ಆದರೆ ಆಯಿತು. ಆಗದಿದ್ದರೆ ಅದೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗ್ತೇನೆ. ಇವಳು ಹೇಗೂ ಅದರಲ್ಲೇ ಹೋಗುವುದಲ್ವಾ, ಇಳಿಸಿ ಹೋಗಲಿ. ಈಗ ಸುಮ್ಮನಿರ್ತೀಯಾ?” ಎಂದರು ಮಾಮಿ.

ಬಸ್ಸು ಆಸ್ಪತ್ರೆಯ ಎದುರಿನಿಂದಲೇ ಹೋಗುತ್ತಿತ್ತು. ಅಮ್ಮ ಒಪ್ಪಿದಳು.

ಮರುದಿನ ಬೆಳಿಗ್ಗೆ ನಾನು, ಮಾಮಿ ಇಬ್ಬರೂ ಹೊರಟೆವು. ಅವರು ಒಳ್ಳೆಯ ಸೀರೆ ಉಟ್ಟಿದ್ದರು. ರಸ್ತೆಗೆ ತಲುಪುವಷ್ಟರಲ್ಲಿ ಮತ್ತೆ ಮತ್ತೆ ನಿಂತರು. ನಿಂತಾಗಲೆಲ್ಲ ಏನಾದರೊಂದು ನೆವ... ಚಪ್ಪಲಿಗೆ ಕಲ್ಲು ಸಿಕ್ಕಿತು, ಆ ಮನೆಯ ನಾಯಿ ಸಣಕಲಾಗಿದೆ, ಹೀಗೆ. ತುಟಿಯ ಬಣ್ಣ ಒಂದು ಥರ ಇತ್ತು. ಈಗಾದರೆ ಆ ತುಟಿ ಕಂಡ ಕೂಡಲೇ ಗಾಲಿಕುರ್ಚಿ ತರಿಸುತ್ತಿದ್ದೆ. ಆಗ ನನಗೇನು ಗೊತ್ತು?

ಬಸ್ಸು ಬಂತು. ಕಂಡಕ್ಟರ್ ಇಳಿದು ನೇರ ನಮ್ಮ ಹತ್ತಿರವೇ ಬಂದರು. ಹೋಟೆಲಿನ ಹಿಂದೆ ನೀರಿನ ಟ್ಯಾಂಕಿನ ಗೋಡೆ ಹಿಡಿದು ಮಾಮಿ ಬಗ್ಗಿ ನಿಂತರು. ಪ್ರಾಯದಲ್ಲಿ ಹಿರಿಯರ ಮೈಗೆ ಕಾಲು ಇಡಬೇಕಲ್ಲ ಎಂದು ಕಂಡಕ್ಟರ್ ಅಳುಕಿದರು.

“ಬೇಜಾರು ಮಾಡಬೇಡಿ ಅಕ್ಕ.”

“ನೀನು ಇಡು ತಮ್ಮ. ನಾನು ಎಷ್ಟು ಜನರಿಗೆ ಇಟ್ಟವಳು, ನನಗೂ ಒಬ್ಬರು ಇಡಲಿ” ಎಂದರು ಮಾಮಿ, ಗೋಡೆಗೆ ಮುಖ ಮಾಡಿಕೊಂಡೇ.

ಕಂಡಕ್ಟರ್ ಚಪ್ಪಲಿ ಕಳಚಿ, ಹಿಮ್ಮಡಿಯನ್ನು ಭುಜದ ಹಿಂದೆ ಇಟ್ಟು ಮೆಲ್ಲನೆ ಎಳೆದರು. ಮತ್ತೊಮ್ಮೆ. ಆಮೇಲೆ ಬಗ್ಗಿ ಮಾಮಿಯ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಮಾಮಿ ಹಾಗೆಯೇ ಗೋಡೆಗೆ ಹಣೆ ಆನಿಸಿ ನಿಂತಿದ್ದರು, ಉಸಿರು ಎಳೆಯುತ್ತಾ. ನಾನು ಹೆದರಿ ಹತ್ತಿರ ಹೋದೆ. ಸ್ವಲ್ಪ ಹೊತ್ತಿನ ಮೇಲೆ ಸೀದಾ ನಿಂತು ನನ್ನ ಕಡೆ ತಿರುಗಿದರು. ಮುಖದಲ್ಲಿ ಬಣ್ಣ ಬಂದಿತ್ತು.

“ಹೋಯಿತು ಮಗಾ! ಅಬ್ಬ... ಎಳೆದು ತೆಗೆದ ಹಾಗೆ ಹೋಯಿತು.”

ಚಾಲಕ ಹಾರ್ನ್ ಹಾಕಿದ. ನಾನು ಹತ್ತಿದೆ. “ಮಾಮಿ, ಆದರೂ ಒಮ್ಮೆ ಬನ್ನಿ, ತೋರಿಸಿಕೊಂಡು ಬರುವ” ಎಂದು ಮೆಟ್ಟಿಲಿನಿಂದಲೇ ಕರೆದೆ. “ಎಂಥ ತೋರಿಸುವುದು? ಇಲ್ಲದ ನೋವು ತೋರಿಸುವುದಾ? ಕಂಡಕ್ಟರ್ರೇ, ರೈಟ್ ಹೇಳಿ ನೀವು!” ಎಂದು ಜೋರಾಗಿ ನಕ್ಕರು. ಬಸ್ಸು ಹೊರಟಿತು. ನಾನು ಕಿಟಕಿಯಲ್ಲಿ ಬಗ್ಗಿ ನೋಡಿದೆ. ರಸ್ತೆಯ ಬದಿಯಲ್ಲಿ ನಿಂತು ಮಾಮಿ ಎಡಗೈಯನ್ನು ಮೇಲೆತ್ತಿ ಗಿರ್ರನೆ ತಿರುಗಿಸಿ ತೋರಿಸುತ್ತಿದ್ದರು, ನೋಡು, ಎಷ್ಟು ಸಲೀಸು ಎಂದು. ತಿರುವು ಬರುವವರೆಗೂ ಆ ಕೈ ತಿರುಗುತ್ತಿತ್ತು...

ಅವರನ್ನು ಜೀವಸಹಿತ ನಾನು ಚೆನ್ನಾಗಿ ನೋಡಿದ್ದು ಅದೇ ಕೊನೆ.

ಮಾರನೆಯ ದಿನ ನಾನು ಕಾಲೇಜಿನಲ್ಲಿದ್ದಾಗ, ನಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದವರು ಕುಡಿಯಲು ನೀರು ಕೇಳಿದರಂತೆ. ಅಮ್ಮ ಚೊಂಬು ಹಿಡಿದು ಹೊರಗೆ ಬರುವಾಗ ಗೋಡೆಗೆ ಒರಗಿದ್ದರು. ಮೊರ ಮಡಿಲಿನಿಂದ ಜಾರಿ ಎಲೆಯೆಲ್ಲ ನೆಲದಲ್ಲಿ ಚೆಲ್ಲಿತ್ತು. ಜೀಪು ತಂದು ಆಸ್ಪತ್ರೆಗೆ ಒಯ್ದರು. ತರುವಾಗಲೇ ಜೀವ ಹೋಗಿದೆ, ಹಾರ್ಟ್ ಎಟೇಕ್ ಎಂದರಂತೆ ಡಾಕ್ಟರು.

ಸಾವಿನ ಮನೆಯಲ್ಲಿ ಊರಿನವರು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲುಂಟು. “ಪಾಪ, ಉಳುಕು ಪೂರಾ ಹೋಗಿತ್ತು. ನಿನ್ನೆ ಇಡೀ ದಿನ ಕೈ ಆಡಿಸಿಕೊಂಡು ಎಷ್ಟು ಖುಷಿಯಲ್ಲಿದ್ದರು. ಹಾರ್ಟಿನದ್ದು ಇದ್ದಕ್ಕಿದ್ದ ಹಾಗೆ ಬಂದದ್ದು.” ಉಳುಕು ಬೇರೆ, ಹಾರ್ಟು ಬೇರೆ! ಯಾರೂ ಅವೆರಡನ್ನು ಸೇರಿಸಲಿಲ್ಲ. ಕಂಡಕ್ಟರ್ ಬಂದಿದ್ದರು. ಅಂಗಳದ ಅಂಚಿನಲ್ಲಿ ಬ್ಯಾಗು ಕಂಕುಳಲ್ಲಿ ಒತ್ತಿಕೊಂಡು ನಿಂತಿದ್ದರು. ಒಳಗೆ ಬಾರದೆ ಹಾಗೇ ಹೋದರು. ಮಗಳು ಹೊಟ್ಟೆ ಹಿಡಿದುಕೊಂಡು ಅತ್ತದ್ದನ್ನು ನೋಡಲಾರದೆ ನಾನು ಒಳಗೆ ಹೋದೆ. ಅವಳ ಬಾಣಂತನವನ್ನು ಅಮ್ಮನೇ ಮಾಡಿದಳು.

ನರ್ಸಿಂಗ್ ಓದುವಾಗ ಒಂದು ದಿನ ಹೃದಯದ ಪಾಠ ಬಂತು. ಹೃದಯಕ್ಕೆ ರಕ್ತ ಒಯ್ಯುವ ನಾಳದ ಒಳಗೋಡೆಯಲ್ಲಿ ಕೊಬ್ಬು ಸೇರಿ ದಪ್ಪವಾಗುತ್ತದೆ, ದಾರಿ ಸಪೂರವಾಗುತ್ತದೆ. ಏರು ಹತ್ತುವಾಗ, ಭಾರ ಎತ್ತುವಾಗ ಹೃದಯಕ್ಕೆ ಹೆಚ್ಚು ರಕ್ತ ಬೇಕು, ಸಿಗುವುದಿಲ್ಲ, ನೋಯುತ್ತದೆ. ಕೂತರೆ ಹೋಗುತ್ತದೆ. ಒಂದು ದಿನ ಆ ಕೊಬ್ಬಿನ ಗಂಟು ಒಡೆಯುತ್ತದೆ, ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಆಗ ಕೂತಲ್ಲಿಯೂ ನೋವು. ಹೆಂಗಸರಲ್ಲಿ ಎದೆ ಬಿಟ್ಟು ಭುಜದಲ್ಲಿ, ದವಡೆಯಲ್ಲಿ, ಬೆನ್ನಿನಲ್ಲಿ ಬರುವುದುಂಟು. ಇಷ್ಟನ್ನು ಬರೆದುಕೊಂಡೆ. ಆಮೇಲೆ ಮೇಡಂ ಹೇಳಿದರು, ಆ ಹೆಪ್ಪು ಕೆಲವೊಮ್ಮೆ ತಾನಾಗಿ ಸ್ವಲ್ಪ ಸಡಿಲವಾಗುತ್ತದೆ, ರಕ್ತ ಹರಿಯುತ್ತದೆ, ನೋವು ಪೂರ್ತಿ ಹೋಗುತ್ತದೆ, ರೋಗಿ ಗುಣವಾಯಿತೆಂದು ಮನೆಗೆ ಹೋಗುತ್ತಾನೆ. ಹೆಪ್ಪು ಮತ್ತೆ ಕಟ್ಟುತ್ತದೆ. ನಡುವೆ ಸಿಕ್ಕಿದ ಆ ಹೊತ್ತು ಇದೆಯಲ್ಲ, ಅವನು ಆಸ್ಪತ್ರೆಯಲ್ಲಿರಬೇಕಾದದ್ದು ಆಗಲೇ.

ನಾನು ಪೆನ್ನು ಕೆಳಗಿಟ್ಟೆ. ತಿರುಗುತ್ತಿದ್ದ ಕೈ ಕಂಡಿತು. ಆ ಹೊತ್ತು ಮಾಮಿಗೆ ಸಿಕ್ಕಿತ್ತು. ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಸಿಕ್ಕಿತ್ತು! ಆಸ್ಪತ್ರೆಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಕ್ಲಾಸಿನಿಂದ ಎದ್ದು ಹೊರಗೆ ಹೋಗಿ ಅತ್ತೆ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು.

ಅಂದಿನಿಂದ ನನಗೆ ಹೆದರಿಕೆ ಹುಟ್ಟಿಸುವುದು ನೋವೆಂದು ಕಿರುಚುವವರಲ್ಲ. “ಈಗ ಇಲ್ಲ ಸಿಸ್ಟರ್, ಪೂರಾ ಕಡಿಮೆ ಉಂಟು” ಎಂದು ಮಂಚದಿಂದ ಕಾಲು ಇಳಿಸುವವರು. ಕೆಲವರು ಕೈ ಎತ್ತಿ ತಿರುಗಿಸಿ ಬೇರೆ ತೋರಿಸುತ್ತಾರೆ. ಅವರ ಹಿಂದೆ, ಬಾಗಿಲಿನ ಹತ್ತಿರ, ಮಾಮಿ ನಿಂತ ಹಾಗೆ ಆಗುತ್ತದೆ. ಒಳ್ಳೆಯ ಸೀರೆ ಉಟ್ಟು, ನಗುತ್ತಾ... ಭ್ರಮೆ ಎಂದು ಗೊತ್ತು. ಆದರೂ ಒಮ್ಮೆ ಅತ್ತ ನೋಡದೆ ಇರಲಾಗುವುದಿಲ್ಲ.

ಮೊನ್ನೆಯ ಹೆಂಗಸೂ ಹಾಗೇ ಹೇಳಿದರು. ಎಣ್ಣೆ ಒರೆಸಿ, ಬಟ್ಟಲು ಕೂರಿಸಿ ತೆಗೆದ ಮೊದಲ ಇಸಿಜಿಯಲ್ಲಿ ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ತೆಗೆಯುವ ಎಂದರು ಡಾಕ್ಟರು. ಅಷ್ಟರಲ್ಲಿ ಇವರು ಎದ್ದು ಕೂತು ಕೂದಲು ಕಟ್ಟಿಕೊಳ್ಳತೊಡಗಿದರು.

“ಈಗ ನೋವು ಇಲ್ಲ ಸಿಸ್ಟರ್. ಮನೆಯಲ್ಲಿ ಕೆಲಸ ಉಂಟು, ಹೋಗ್ತೇನೆ.”

“ಮಲಗಿ!” ಎಂದೆ. ಸ್ವರ ಎಷ್ಟು ಜೋರಾಯಿತೆಂದರೆ ಪಕ್ಕದ ಮಂಚದ ಅಜ್ಜನೂ ಮಲಗಿಬಿಟ್ಟರು.

ಅವರ ಪಕ್ಕದಿಂದ ನಾನು ಕದಲಲಿಲ್ಲ. ಮಾತಾಡಿಸುತ್ತಾ ಕೂತೆ. ಮಾತಿನ ನಡುವೆ ಅವರ ಕೈ ದವಡೆಗೆ ಹೋಯಿತು, ಹಣೆಯಲ್ಲಿ ಬೆವರು ಮೂಡಿತು. ಎರಡನೆಯ ಇಸಿಜಿಯಲ್ಲಿ ಗೆರೆ ಎದ್ದು ನಿಂತಿತ್ತು, ಹಾರ್ಟ್ ಎಟೇಕೇ. ಆಮೇಲೆ ಎಲ್ಲ ಸರಸರನೆ ನಡೆಯಿತು. ಆಸ್ಪಿರಿನ್ ಅಗಿಸಿದೆವು, ಬೇರೆ ಮಾತ್ರೆ ಕೊಟ್ಟೆವು, ಇಸಿಜಿಯ ಫೋಟೋ ಮಂಗಳೂರಿನ ಹೃದಯದ ಡಾಕ್ಟರಿಗೆ ಹೋಯಿತು, ಅವರ ಮಾತಿನಂತೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟೆವು, ಆಂಬುಲೆನ್ಸಿಗೆ ಹೇಳಿದೆವು. ಜೊತೆಗೆ ಬಂದವರು ಯಾರೆಂದು ಕೇಳಲು ಹೊರಗೆ ಬಂದೆ.

ಬೆಂಚಿನಿಂದ ಎದ್ದವರನ್ನು ಗುರುತಿಸಲು ಒಂದು ಕ್ಷಣ ಬೇಕಾಯಿತು. ತಲೆ ಪೂರ್ತಿ ನೆರೆತಿತ್ತು. ಆ ಕಂಡಕ್ಟರ್.

ಆಗಬೇಕಾದದ್ದನ್ನು ಹೇಳಿದೆ, ಸಹಿ ಹಾಕಿಸಿದೆ. ಕಾಗದ ವಾಪಸು ಕೊಡುವಾಗ ಅವರಿಗೂ ನನ್ನ ಗುರುತು ಹತ್ತಿತು.

“ನಿನ್ನೆಯಿಂದ ಒಂದೇ ಹಟ ಅವಳದ್ದು” ಎಂದರು. “ಊರವರಿಗೆಲ್ಲ ಇಟ್ಟವರು ನನಗೆ ಒಮ್ಮೆ ಕಾಲು ಇಡಲಿಕ್ಕೆ ನಿಮಗೆ ಎಂಥ ಕಷ್ಟ ಅಂತ. ಎಣ್ಣೆ ತಿಕ್ಕಿದೆ. ಕಾಲು ಇಡಲಿಲ್ಲ ಸಿಸ್ಟರ್. ನಿಮ್ಮ ಮಾಮಿಯ ನಂತರ ಯಾರಿಗೂ ಇಡಲಿಲ್ಲ ನಾನು.”

“ನಿಮ್ಮ ಕಾಲಿನಿಂದ ಏನೂ ಆದದ್ದಲ್ಲ” ಎಂದೆ. “ಆ ನೋವು ತಾನಾಗಿ ಹೋದದ್ದು.”

ಅವರು ತಲೆ ಆಡಿಸಿದರು. ಒಪ್ಪಿದ್ದೋ ಇಲ್ಲವೋ ಗೊತ್ತಾಗಲಿಲ್ಲ.

“ಆ ದಿನ ಎದುರಿನ ಸೀಟು ಅವರಿಗೆಂದು ಹಿಡಿದಿಟ್ಟಿದ್ದೆ. ನಿಮ್ಮ ಅಮ್ಮ ಹಿಂದಿನ ಸಂಜೆಯೇ ಹೇಳಿ ಕಳಿಸಿದ್ದರಲ್ಲ, ಹುಷಾರಿಲ್ಲದವರು ನಿಲ್ಲಬಾರದು ಅಂತ. ನೀವೆಲ್ಲ ಹಿಂದೆ ನಿಂತಿದ್ದಿರಿ. ಅವರು ಹತ್ತಲಿಲ್ಲ... ಆದರೂ ಬಂಟ್ವಾಳದವರೆಗೆ ಆ ಸೀಟಿನಲ್ಲಿ ಯಾರನ್ನೂ ಕೂರಿಸಲಿಕ್ಕೆ ನನಗೆ ಮನಸ್ಸು ಬರಲಿಲ್ಲ.”

ಆಂಬುಲೆನ್ಸು ಬಂತು. ಕಂಡಕ್ಟರ್ ಹೆಂಡತಿಯ ಪಾದದ ಹತ್ತಿರ ಹತ್ತಿ ಕೂತರು. ಆ ಹೆಂಗಸು ಬದುಕಿದರು, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದಿದ್ದಾರೆ.

ಆ ದಿನ ಡ್ಯೂಟಿ ಮುಗಿಸಿ ಮನೆಗೆ ಹೋದಾಗ ಅಮ್ಮ ಜಗಲಿಯಲ್ಲಿ ಕೂತಿದ್ದಳು. ಈಗ ಬೀಡಿ ಕಟ್ಟುವುದಿಲ್ಲ, ಸುಮ್ಮನೆ ರಸ್ತೆ ನೋಡುತ್ತಾ ಕೂರುತ್ತಾಳೆ. ಮಾಮಿಗೆ ಸೀಟು ಹಿಡಿಯಲು ಹೇಳಿ ಕಳಿಸಿದ್ದೆಯಾ ಎಂದು ಕೇಳಿದೆ.

“ಹೇಳಿದ್ದೆ. ಅತ್ತಿಗೆ ಆಸ್ಪತ್ರೆಗೆ ಹೋಗಿಯೇ ಹೋಗ್ತಾರೆ ಅಂತ ನಾನು ಎಣಿಸಿದ್ದು. ಮಧ್ಯಾಹ್ನ ಅವರ ಊಟ ನಮ್ಮಲ್ಲೇ ಅಲ್ವಾ, ಆ ದಿನ ಒಬ್ಬರ ಅಕ್ಕಿ ಕಡಿಮೆ ಹಾಕಿದ್ದೆ. ನೋಡಿದರೆ ಕೈ ಬೀಸಿಕೊಂಡು ವಾಪಸು ಬಂದರು... ನನ್ನ ಪಾಲಿನ ಅನ್ನ ಬಡಿಸಿದೆ. ನನಗೆ ಖುಷಿಯಾಯಿತು ಮಗಾ. ಅವರು ವಾಪಸು ಬಂದದ್ದಕ್ಕೆ ನನಗೆ ಎಷ್ಟು ಖುಷಿಯಾಯಿತು ಗೊತ್ತುಂಟಾ?”